ಹಸುವಿಗೆ ಅದೇ ದಿನ, ನಿಮಗೆ ಯಾವಾಗ?

ಹಾಲು ಉತ್ಪಾದಕ ಸಹೋದರಿಯರೇ,

ಹಸು ಕರು ಹಾಕಿ ರಾತ್ರಿ ಕಳೆದರೂ ಕಸ ಬೀಳಲಿಲ್ಲವೆಂದರೆ ಬೆಳಗಿನ ಐದಕ್ಕೇ ನನಗೆ ಫೋನ್ ಮಾಡುತ್ತೀರಿ. ಬೆದೆಗೆ ಬಂದದ್ದು ಯಾವತ್ತು, ಎಷ್ಟನೇ ಸೂಲು, ಹಿಂದಿನ ಸಲ ಏನಾಯಿತು, ಎಲ್ಲವೂ ನಿಮ್ಮ ನಾಲಿಗೆಯ ತುದಿಯಲ್ಲಿರುತ್ತದೆ. ಚಿಕಿತ್ಸೆ ಮುಗಿಸಿ ನಾನು ಕೈ ತೊಳೆಯುವಾಗ, ಗಂಡಸರು ಆಚೆ ಹೋದ ಮೇಲೆ, ಮೆಲ್ಲಗೆ ಇನ್ನೊಂದು ಮಾತು ಬರುತ್ತದೆ: "ಮೇಡಂ, ನಂಗೆ ಎರಡು ವರ್ಷದಿಂದ ಬಿಳಿಮುಟ್ಟು ಹೋಗ್ತಾ ಇದೆ. ಏನಾದ್ರೂ ಮಾತ್ರೆ ಇದ್ರೆ ಕೊಡಿ."

ನಾನು ದನದ ಡಾಕ್ಟರು. ಮಾತ್ರೆ ಕೊಡಲಾರೆ, ಕೊಡಲೂಬಾರದು. ಆದರೆ ಹಸುವಿಗೆ ಒಂದು ರಾತ್ರಿ ಕಾಯದವರು ತಮಗಾಗಿ ಎರಡು ವರ್ಷ ಕಾಯುವುದು ನನಗೆ ಸರಿ ಕಾಣುವುದಿಲ್ಲ.

ಹಾಲಿನ ಹೊತ್ತು ತಪ್ಪುತ್ತದೆ ಅನ್ನುತ್ತೀರಿ. ಬೆಳಗಿನ ಹಾಲು ಡೇರಿಗೆ ಹಾಕಿ ಹೊರಟರೆ ಸಂಜೆ ಕರೆಯುವ ಹೊತ್ತಿಗೆ ಮನೆ ಸೇರಬಹುದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ನಾಲ್ಕೂ ಕಡೆ ತಾಲ್ಲೂಕು ಆಸ್ಪತ್ರೆ ಇದೆ. ಶಕ್ತಿ ಯೋಜನೆಯಿಂದಾಗಿ ಬಸ್ ಚಾರ್ಜೂ ಇಲ್ಲ. ಸ್ತ್ರೀರೋಗ ತಜ್ಞರು ಯಾವ ದಿನ ಸಿಗುತ್ತಾರೆ, ಹೆಂಗಸು ಡಾಕ್ಟರೇ ಇದ್ದಾರಾ ಎಂದು ಊರಿನ ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಳ್ಳಿ. ಬಸುರಿಯರಾದರೆ ಪ್ರತಿ ತಿಂಗಳ 9ನೇ ತಾರೀಖು ನೆನಪಿರಲಿ. ನಾಲ್ಕನೇ ತಿಂಗಳಿನಿಂದ ಮುಂದಕ್ಕೆ ಆ ದಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವಿಶೇಷ ತಪಾಸಣೆ ಉಚಿತ. 2016ರಿಂದ ನಡೆಯುತ್ತಿರುವ ವ್ಯವಸ್ಥೆ ಇದು. ಖಾಸಗಿಗೆ ಹೋಗುವುದಾದರೆ ಬೋರ್ಡಿನಲ್ಲಿ ಹೆಸರಿನ ಮುಂದಿನ ಅಕ್ಷರ ಓದಿ. ಸ್ತ್ರೀರೋಗಕ್ಕೇ ಓದಿದವರಾದರೆ ಎಂ.ಎಸ್., ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಜಿ.ಓ. ಎಂದಿದ್ದು, ಜೊತೆಗೆ ಸ್ತ್ರೀರೋಗ ಅಥವಾ ಪ್ರಸೂತಿ ತಜ್ಞೆ ಎಂದು ಬರೆದಿರುತ್ತದೆ.

ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ದಿನ ಎಣಿಸುತ್ತಾ ಕೂರಬೇಡಿ, ಮರುದಿನವೇ ಹೋಗಿ. ಕ್ಯಾನ್ಸರ್ ಇಲ್ಲವೆಂದು ಖಚಿತಮಾಡಿಕೊಳ್ಳಬೇಕು.

ಡಾಕ್ಟರ ಮುಂದೆ ಕೂತಾಗ ಅವರು ಕೇಳದಿದ್ದರೂ ನೀವೇ ಹೇಳಿ: "ನಾವು ದನ ಸಾಕಿದ್ದೀವಿ." ಇದು ನನ್ನ ಕಸುಬಿಗೆ ಸೇರಿದ ಮಾತು. ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ಎತ್ತಿದರೆ, ಹಸಿ ಹಾಲು ಕುಡಿದರೆ ಬ್ರುಸೆಲ್ಲಾ ರೋಗ ಮನುಷ್ಯರಿಗೂ ತಗಲುತ್ತದೆ. ಬಂದು ಹೋಗುವ ಜ್ವರ, ಬೆವರು, ಕೀಲುನೋವು, ಎಷ್ಟು ಮಲಗಿದರೂ ಹೋಗದ ಸುಸ್ತು. ಬಸುರಿಯರಲ್ಲಿ ಗರ್ಭಪಾತವೂ ಆಗಬಹುದು. ದನದ ವಿಷಯ ಗೊತ್ತಾದರೆ ಆ ರಕ್ತಪರೀಕ್ಷೆ ಬರೆಯುವುದು ಡಾಕ್ಟರಿಗೆ ಹೊಳೆಯುತ್ತದೆ. ಮನೆಯಲ್ಲಿ ಬಸುರಿ ಇದ್ದರೆ ಕಂದು ಹಾಕಿದ ಹಸುವಿನ ಹತ್ತಿರ ಅವಳನ್ನು ಬಿಡಬೇಡಿ. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಒಂದೇ ಸಲ ಹಾಕುವ ಲಸಿಕೆ ತಪ್ಪಿಸಬೇಡಿ.

ಇನ್ನೊಂದನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. "ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಎಂದು ಮೊದಲ ಭೇಟಿಯಲ್ಲೇ ಯಾರಾದರೂ ಹೇಳಿದರೆ ಅಲ್ಲೇ ಸಹಿ ಹಾಕಬೇಡಿ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹೀಗೆ ನೂರಾರು ಹೆಣ್ಣುಮಕ್ಕಳ ಗರ್ಭಕೋಶ ತೆಗೆದದ್ದು ಬೆಳಕಿಗೆ ಬಂದು 2015ರಲ್ಲಿ ಆರೋಗ್ಯ ಇಲಾಖೆ ತನಿಖೆ ಮಾಡಿತು. ಅವರಲ್ಲಿ ಅನೇಕರಿಗೆ ನಲವತ್ತೂ ಆಗಿರಲಿಲ್ಲ. ಹಸುವಿಗೇ ನಾವು ಔಷಧಿ ಹಾಕಿ ಮುಂದಿನ ಬೆದೆ ನೋಡೋಣ ಎನ್ನುತ್ತೇವೆ. ಆಪರೇಷನ್ ಬೇಕಾಗುವ ಕಾಯಿಲೆ ಇಲ್ಲವೆಂದಲ್ಲ, ಇವೆ. ಆದರೆ ಸ್ಕ್ಯಾನಿಂಗ್ ವರದಿ ಕೈಯಲ್ಲಿ ಹಿಡಿದು ತಾಲ್ಲೂಕು ಆಸ್ಪತ್ರೆಯಲ್ಲೋ ಬೆಂಗಳೂರಿನ ವಾಣಿವಿಲಾಸದಲ್ಲೋ ಇನ್ನೊಬ್ಬರ ಮಾತು ಕೇಳಿ. ಖರ್ಚಿನ ಚಿಂತೆಗೆ ಯಶಸ್ವಿನಿ ಇದೆ. 2018ರಲ್ಲಿ ನಿಂತಿದ್ದ ಯೋಜನೆ 2022ರಲ್ಲಿ ಮತ್ತೆ ಶುರುವಾಗಿದೆ, ಸಂಘದ ಸದಸ್ಯರು ಸೇರಬಹುದು. ಯಾವ ಆಸ್ಪತ್ರೆ, ಯಾವ ಚಿಕಿತ್ಸೆ ಎಂಬುದನ್ನು ಕಾರ್ಯದರ್ಶಿಯ ಬಳಿ ಕೇಳಿ ತಿಳಿಯಿರಿ.

ಕೊನೆಗೆ ನಮ್ಮವರಿಗೇ ಒಂದು ಮಾತು. ಬರಡು ರಾಸು ತಪಾಸಣಾ ಶಿಬಿರಕ್ಕೆ ಶಾಮಿಯಾನ ಹಾಕುತ್ತೇವೆ, ಮೈಕಿನಲ್ಲಿ ಕೂಗಿಸುತ್ತೇವೆ. ವರ್ಷಕ್ಕೊಮ್ಮೆ ಅದೇ ಸಂಘದ ಕಟ್ಟಡಕ್ಕೆ ಒಬ್ಬ ಸ್ತ್ರೀರೋಗ ತಜ್ಞೆಯನ್ನು ಕರೆಸಲು ಏನು ಕಷ್ಟ? ಅದೇ ದಿನ ಮಾತ್ರ ಬೇಡ. ಹಸುಗಳ ಸಾಲಿನ ಪಕ್ಕದಲ್ಲಿ ನಿಲ್ಲಲು ನನಗೂ ಇಷ್ಟವಿಲ್ಲ. ನಿಮ್ಮ ಮಹಿಳಾ ಸಂಘದ ಮುಂದಿನ ಸಭೆಯಲ್ಲಿ ಠರಾವು ಮಾಡಿ ಕಳಿಸಿ. ಬರೆಯುವುದು ಕಷ್ಟವೆನಿಸಿದರೆ ನಾನು ಹಸು ನೋಡಲು ಬಂದ ದಿನ ಹೇಳಿ, ಹಟ್ಟಿಯ ಜಗಲಿಯಲ್ಲೇ ಕೂತು ಬರೆದುಕೊಡುತ್ತೇನೆ.