ಮಾನಿಟರಿನ ಅಗಲವೂ ಕನ್ನಡದ ಒತ್ತಕ್ಷರವೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರುಗಳಲ್ಲಿ ಮೂರಕ್ಕೆ ಒತ್ತಕ್ಷರ ಉಂಟು, ಪಾರಾದುದು ಜಗಳೂರೊಂದೇ. ಇಲ್ಲಿ ಪಹಣಿ ತೆಗೆದುಕೊಡುವ, ಅರ್ಜಿ ತುಂಬುವ, ಲಗ್ನಪತ್ರಿಕೆಯ ಡಿಟಿಪಿ ಮಾಡುವ ಅಂಗಡಿ ಇಡಹೊರಟ ತರುಣನು ಮಾನಿಟರ್ ಕೊಳ್ಳಲು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋದಾಗ ಕೇಳುವ ಮೊದಲ ಪ್ರಶ್ನೆ 'ಎಷ್ಟು ಇಂಚು?' ಎಂಬುದು. ಎರಡನೆಯದು, 'ಇದಕ್ಕಿಂತ ಅಗಲವಾದುದು ಇದೆಯೇ?' ಕೈಯಲ್ಲಿರುವ ಹಣ ಅಲ್ಪವಾಗಿರುವಾಗ ಈ ಎರಡು ಪ್ರಶ್ನೆಗಳೂ ದಾರಿ ತಪ್ಪಿಸುವಂಥವೆಂದು ನಮ್ಮ ಅಭಿಪ್ರಾಯ. ಒಂದು ಇಂಚಿನೊಳಗೆ ಎಷ್ಟು ಚುಕ್ಕೆಗಳಿವೆ ಎಂಬುದನ್ನು ಮೊದಲು ಕೇಳತಕ್ಕದ್ದು.

ಮಾನಿಟರಿನ ತೆರೆಯ ಮೇಲಿನ ಚಿತ್ರವೆಲ್ಲವೂ ಪಿಕ್ಸೆಲ್ ಎಂಬ ಚುಕ್ಕೆಗಳಿಂದಾದುದು. ತೆರೆಯ ಮೇಲೆ ನೀರಿನ ಸಣ್ಣ ಹನಿಯೊಂದನ್ನು ಬೆರಳಿನಿಂದ ಸಿಡಿಸಿ ನೋಡಿದರೆ, ಹನಿಯೇ ಮಸೂರವಾಗಿ, ಚುಕ್ಕೆಯೊಳಗಿನ ಕೆಂಪು, ಹಸಿರು, ನೀಲಿ ಭಾಗಗಳು ಕಾಣಿಸುವುವು. ಸಾಮಾನ್ಯ ಬೆಲೆಯ ತೆರೆಗಳಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಸ್ವಾರಸ್ಯವೆಂದರೆ, ಮೂಲೆಯಿಂದ ಮೂಲೆಗೆ ಅಳೆದಾಗ 21.5 ಇಂಚು ಬರುವ ತೆರೆಯಲ್ಲಿಯೂ, 24 ಇಂಚಿನದರಲ್ಲಿಯೂ, 27 ಇಂಚಿನದರಲ್ಲಿಯೂ ಇರುವುದು ಇಷ್ಟೇ ಚುಕ್ಕೆಗಳು. ಇಂಚಿಗೆ ಲೆಕ್ಕ ಹಾಕಿದರೆ ಕ್ರಮವಾಗಿ 102, 92, 82. ಹೆಚ್ಚು ಹಣ ತೆತ್ತು 27 ಇಂಚಿನದನ್ನು ತಂದವನು ಒಂದು ಚುಕ್ಕೆಯನ್ನೂ ಹೆಚ್ಚಾಗಿ ಕೊಂಡಿಲ್ಲ. ಅವೇ ಚುಕ್ಕೆಗಳನ್ನು ಹಿಗ್ಗಿಸಿ ತಂದಿದ್ದಾನೆ, ಅಷ್ಟೆ. 32 ಇಂಚಿನ ಅಗ್ಗದ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳುವವರ ಅವಸ್ಥೆ ಇನ್ನೂ ಕಷ್ಟ. 1366 ಮತ್ತು 768 ಚುಕ್ಕೆಗಳ ಅಂತಹ ಟಿವಿಯಲ್ಲಿ ಇಂಚಿಗೆ ದೊರೆಯುವುದು 49 ಮಾತ್ರ.

ಇದರಿಂದ ಕಣ್ಣಿಗೇನು ಬಾಧಕ ಎಂದು ವಾಚಕರು ಕೇಳಬಹುದು. ಆರೋಗ್ಯವಾದ ಕಣ್ಣು ಸುಮಾರಾಗಿ ಒಂದು ಡಿಗ್ರಿಯ ಅರವತ್ತನೆಯ ಪಾಲಿನಷ್ಟು, ಎಂದರೆ ಒಂದು ಕಲೆಯಷ್ಟು, ಕೋನದ ಅಂತರದಲ್ಲಿರುವ ಎರಡು ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. ಮೇಜಿನ ಮುಂದೆ ಕುಳಿತವನ ಕಣ್ಣಿಗೂ ತೆರೆಗೂ 60 ಸೆಂಟಿಮೀಟರ್ ದೂರವೆಂದು ಇಟ್ಟುಕೊಂಡರೆ ಈ ಕೋನಕ್ಕೆ ಸಲ್ಲುವ ಅಂತರ 0.17 ಮಿಲಿಮೀಟರ್. ಮೇಲೆ ಹೇಳಿದ 24 ಇಂಚಿನ ತೆರೆಯ ಚುಕ್ಕೆ 0.28, 27 ಇಂಚಿನದು 0.31, ಟಿವಿಯದು 0.52 ಮಿಲಿಮೀಟರ್. ಎಂಟು ಅಡಿ ದೂರದಿಂದ ಸಿನಿಮಾ ನೋಡುವವನಿಗೆ ಈ ದೊಡ್ಡ ಚುಕ್ಕೆಯಿಂದಲೂ ತೊಂದರೆಯಿಲ್ಲ. ತೊಂದರೆ ಇರುವುದು ಹತ್ತಿರ ಕುಳಿತು ಓದುವವನಿಗೆ. ಅದರಲ್ಲಿಯೂ ಕನ್ನಡ ಓದುವವನಿಗೆ.

ಇಂಗ್ಲಿಷಿನ ಅಕ್ಷರಗಳು ಬಹುಪಾಲು ನೆಟ್ಟಗೆರೆಗಳವು. ಅವು ಹರಕು ಚುಕ್ಕೆಗಳಲ್ಲಿಯೂ ಹೇಗೋ ಬಾಳುವುವು. ನಮ್ಮ ಲಿಪಿಯಾದರೋ ಗುಂಡಗಿನದು, ಮೇಲಾಗಿ ಎರಡು ಅಂತಸ್ತಿನದು. ಹದಿನಾರು ಚುಕ್ಕೆ ಎತ್ತರದ ಸಾಲಿನಲ್ಲಿ ಕೆಳಗಿನ ಒತ್ತಿಗೆ ಐದಾರು ಚುಕ್ಕೆ ದೊರೆತರೆ ಪುಣ್ಯ. ಥಕಾರವನ್ನು ಧಕಾರದಿಂದ ಬೇರ್ಪಡಿಸುವುದು ಹೊಟ್ಟೆಯೊಳಗಿನ ಒಂದು ಬೊಟ್ಟು. ದಕಾರವನ್ನು ಧಕಾರ ಮಾಡುವುದು ಕೆಳಗಿನ ಒಂದು ಸೀಳು. ಪಕಾರಕ್ಕೂ ವಕಾರಕ್ಕೂ ಕಿರುಗೆರೆಯಷ್ಟೇ ಭೇದ. ಹನುಮಪ್ಪ, ಹನುಮವ್ವ ಎಂಬ ಎರಡು ಹೆಸರುಗಳನ್ನು ಇಂತಹ ತೆರೆಯ ಮೇಲೆ ಸಣ್ಣಕ್ಷರದಲ್ಲಿ ಬರೆದು, ಮೇಜಿನ ಆಚೆ ನಿಂತು ನೋಡಿರಿ. ಗಂಡನ ಹೊಲ ಹೆಂಡತಿಯ ಹೆಸರಿಗೆ ಹೋದಂತೆ ಕಾಣಿಸಿದರೆ ಆಶ್ಚರ್ಯವಿಲ್ಲ! ಒಂದು ಅಕ್ಷರ ತಪ್ಪಾಗಿ ದಾಖಲೆಗೆ ಸೇರಿದ ಹೆಸರನ್ನು ತಿದ್ದಿಸಲು ಎಷ್ಟು ಸಲ ಅಲೆಯಬೇಕೆಂಬುದು ನಮ್ಮ ಕಡೆಯ ರೈತರಿಗೆ ಗೊತ್ತು.

ಈ ಮಾತನ್ನು ಒತ್ತಿ ಹೇಳಲು ಒಂದು ಕಾರಣವುಂಟು. ಕರ್ನಾಟಕದಲ್ಲಿ 'ಭೂಮಿ' ಯೋಜನೆಯು 2001-02ರ ಹೊತ್ತಿಗೆ ತಾಲ್ಲೂಕು ಕಚೇರಿಗಳಿಗೆ ಹಬ್ಬಿದಾಗ, ಪಹಣಿ ಕೊಡುವ ಕಿಟಕಿಯಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ತೆರೆಯೊಂದನ್ನು ಇಡುವ ಏರ್ಪಾಡು ಮಾಡಿದ್ದರು. ತನ್ನ ಹೆಸರಿನಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಅವನೇ ಓದಿಕೊಳ್ಳಲಿ ಎಂಬುದು ಉದ್ದೇಶ. ಬಹು ಉತ್ತಮವಾದ ಆಲೋಚನೆ. ಆ ಕೆಲಸದ ಬಹುಭಾಗ ಈಗ ಖಾಸಗಿ ಅಂಗಡಿಗಳಿಗೂ ಗ್ರಾಮ ಒನ್ ಕೇಂದ್ರಗಳಿಗೂ ಬಂದಿದೆ. ಅಲ್ಲಿ ಒಂದೇ ತೆರೆಯನ್ನು ಒಳಗಿನವನೂ ಹೊರಗಿನವನೂ ಓದಬೇಕಾಗಿದೆ.

ಬೇಕಾದಾಗ ಅಕ್ಷರವನ್ನು ದೊಡ್ಡದು ಮಾಡಿಕೊಂಡರಾಯಿತಲ್ಲ ಎಂದು ಅಂಗಡಿಯವರು ಹೇಳುವುದುಂಟು. ಮಾತು ಸುಳ್ಳಲ್ಲ. ಆದರೆ ಪಹಣಿಯು ಕೋಷ್ಟಕ. ಹಿಗ್ಗಿಸಿದೊಡನೆ ಒಂದು ಪಕ್ಕ ತೆರೆಯಿಂದ ಹೊರಗೆ ಹೋಗುವುದು. ಹೆಸರು ಕಂಡಾಗ ಸರ್ವೆ ನಂಬರು ಕಾಣದು, ನಂಬರು ಕಂಡಾಗ ವಿಸ್ತೀರ್ಣ ಕಾಣದು.

ಹಾಗಾದರೆ ಅಗಲವಾದ ತೆರೆಯೇ ಲೇಸಲ್ಲವೆ? ಇಲ್ಲಿಯೂ ಅಳತೆಪಟ್ಟಿ ಬೇರೆ ಮಾತನ್ನೇ ಹೇಳುವುದು. 2560 ಮತ್ತು 1080 ಚುಕ್ಕೆಗಳ 29 ಇಂಚಿನ ಅಗಲ ತೆರೆಯ ಎತ್ತರ 11.3 ಇಂಚು, 24 ಇಂಚಿನ ಸಾಮಾನ್ಯ ತೆರೆಯ ಎತ್ತರ 11.8. ಹೆಸರಿಗೆ 29 ಆದರೂ ಅದರ ಒಟ್ಟು ವಿಸ್ತಾರ 27 ಇಂಚಿನ ಸಾಮಾನ್ಯ ತೆರೆಗಿಂತ ಕಡಮೆ. ಅಡಿಕೆ ಮಂಡಿಯ ಉದ್ದುದ್ದ ಲೆಕ್ಕದ ಹಾಳೆಗೆ, ವಿಡಿಯೊ ಜೋಡಿಸುವವರಿಗೆ ಅದು ಅನುಕೂಲ. ಮೇಲಿನಿಂದ ಕೆಳಕ್ಕೆ ಓದುವ ಅರ್ಜಿಗೆ ಏನೂ ಪ್ರಯೋಜನವಿಲ್ಲ.

ಎಂಟು ಹತ್ತು ಸಾವಿರ ರೂಪಾಯಿ ಮಾತ್ರ ಇದ್ದವರು 1920 ಚುಕ್ಕೆಯ 24 ಇಂಚಿನಲ್ಲಿಯೇ ನಿಲ್ಲುವುದು ಲೇಸು, 21.5 ಆದರೂ ನಾಚಬೇಕಾದುದಿಲ್ಲ. ಹದಿನೈದರಿಂದ ಇಪ್ಪತ್ತು ಸಾವಿರದವರೆಗೆ ಕೂಡಿಸಬಲ್ಲವರಿಗೆ 2560 ಮತ್ತು 1440 ಚುಕ್ಕೆಗಳ 27 ಇಂಚಿನ ತೆರೆ ಯೋಗ್ಯ. ಇಂಚಿಗೆ 109 ಚುಕ್ಕೆ. ಅದಕ್ಕೂ ಮೇಲಿನ 4ಕೆ ತೆರೆಯಲ್ಲಿ, 27 ಇಂಚಿಗೆ, ಚುಕ್ಕೆಯ ಅಳತೆ 0.16 ಮಿಲಿಮೀಟರ್, ಕಣ್ಣಿನ ಮಿತಿಯನ್ನು ಮುಟ್ಟಿದಂತಾಯಿತು. ಅಂತಹ ತೆರೆಯಲ್ಲಿ ಅಕ್ಷರ ಇರುವೆಯಂತಾಗುವುದೆಂಬ ದೂರು ಅಜ್ಞಾನದಿಂದ ಬಂದುದು. ಗಾತ್ರವನ್ನು ಶೇಕಡಾ 150ಕ್ಕೆ ಇಟ್ಟರೆ ಅಕ್ಷರವು ಓದುವಷ್ಟು ದೊಡ್ಡದಾಗಿಯೇ ನಿಂತು, ಹೆಚ್ಚು ಚುಕ್ಕೆಗಳಿಂದ ತಿದ್ದಿದಂತೆ ಮೂಡುವುದು. ಆದರೆ ಹಳೆಯ ಕಂಪ್ಯೂಟರ್ ಇರುವವರು ಎಚ್ಚರದಿಂದಿರಬೇಕು. ಎಚ್‌ಡಿಎಂಐ 1.4ರ ಕಿಂಡಿಯಿಂದ 4ಕೆ ಚಿತ್ರವು ಸೆಕೆಂಡಿಗೆ ಮೂವತ್ತು ಸಲ ಮಾತ್ರ ಬದಲಾಗುವುದು. ಮೌಸಿನ ಬಾಣ ಕುಂಟಿದಂತೆ ತೋರುವುದು. ನೀಲಿ ಬಣ್ಣದ ವಿಜಿಎ ತಂತಿಯನ್ನಂತೂ ಹೊಸ ತೆರೆಗೆ ಸಿಕ್ಕಿಸಬಾರದು. ಅದು ಚೆನ್ನಾದ ಚುಕ್ಕೆಯನ್ನೂ ಕದಡುವುದು.

ಕೊಳ್ಳುವ ಮುನ್ನ ಅಂಗಡಿಯಲ್ಲಿ ಮಿನುಗುವ ಹೂವು, ಜಲಪಾತಗಳ ಚಿತ್ರವನ್ನು ನಿಲ್ಲಿಸಿ, ನಿಮ್ಮದೇ ಒಂದು ಪಹಣಿಯನ್ನು ತೆರೆಯಹೇಳಿರಿ. ಕೋಷ್ಟಕ ಪೂರ್ತಿ ಕಾಣುವಂತೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಹೆಸರಿನ ಒತ್ತುಗಳನ್ನು ಓದಿರಿ. ತೆರೆಯ ಹಿಂಬದಿಯಲ್ಲಿ ನಾಲ್ಕು ತಿರುಪಿನ ತೂತುಗಳು ಇವೆಯೇ ಎಂಬುದನ್ನೂ ನೋಡಿರಿ. ಇದ್ದರೆ, ಮುಂದೆ ಹಣ ಒದಗಿದಾಗ ತಿರುಗುವ ತೋಳೊಂದನ್ನು ಹಾಕಿಸಿ, ತೆರೆಯನ್ನು ಹೊರಗೆ ನಿಂತವರ ಕಡೆಗೂ ತಿರುಗಿಸಬಹುದು.