ಮಿಲ್ಲಿನ ಪಾಠ ವಿಷಯಾಂತರವೇ?

ಇಂಟರ್ನ್‌ಶಿಪ್‌ನ ಆರನೇ ವಾರದಲ್ಲಿ ನನ್ನ ಪಾಠ ವೀಕ್ಷಿಸಿದ ಹಿರಿಯರೊಬ್ಬರು ವೀಕ್ಷಣಾ ಹಾಳೆಯ ಕೆಳಗೆ ಎರಡು ಸಾಲು ಬರೆದಿದ್ದರು: ‘ಪ್ರಾತ್ಯಕ್ಷಿಕೆ ಚೆನ್ನಾಗಿದೆ. ಕೊನೆಯ ಹದಿನೈದು ನಿಮಿಷ ವಿಷಯಾಂತರ.’ ಮೊದಲ ಸಾಲಿಗೆ ನಾನು ಕೃತಜ್ಞಳು. ಎರಡನೆಯ ಸಾಲಿಗೆ ಅಂದು ಏನೂ ಹೇಳಲಿಲ್ಲ. ಅಂಕ ಅವರ ಕೈಯಲ್ಲಿತ್ತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಈಗ ಅಂಕಗಳು ಬಂದಾಗಿವೆ, ಆದ್ದರಿಂದ ಹೇಳುತ್ತೇನೆ.

ಶಾಲೆ ಇದ್ದದ್ದು ಕಮಲಾಪುರದಲ್ಲಿ. ಕಮಲಾಪುರ ಎಂದರೆ ದೂರದವರು ಹಂಪಿ ಪಕ್ಕದ ಕಮಲಾಪುರ ಎಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಕಲಬುರಗಿಯಿಂದ ಹುಮನಾಬಾದ ರಸ್ತೆಯಲ್ಲಿ ಸಿಗುವ, ಕೆಂಪು ಬಾಳೆಹಣ್ಣಿನ ಕಮಲಾಪುರ. ಆ ಇನ್ನೊಂದು ಕಮಲಾಪುರದ ಮಾತೂ ಮುಂದೆ ಬರುತ್ತದೆ.

ಎಂಟನೇ ತರಗತಿಗೆ ಎಳೆಗಳ ಪಾಠ. ಹತ್ತಿ ನೈಸರ್ಗಿಕ, ನೈಲಾನ್ ಸಂಶ್ಲೇಷಿತ ಎಂಬಲ್ಲಿಂದ ಶುರು. ಮೊದಲ ದಿನ, ‘ಹೊಲದ ಹತ್ತಿ ನೂಲಾಗುವುದು ಎಲ್ಲಿ?’ ಎಂದು ಕೇಳಿದೆ. ಯಾರೂ ಹೇಳಲಿಲ್ಲ. ‘ಮಿಲ್ಲಿನಲ್ಲಿ’ ಎಂದೆ. ಎರಡನೇ ಬೆಂಚಿನ ಹುಡುಗ ಎದ್ದು ನಿಂತು, ‘ದಾಲ್ ಮಿಲ್ಲಿನ್ಯಾಗೇನ್ರೀ ಮೇಡಂ?’ ಎಂದ. ನನಗೆ ನಗು ಬಂತು. ಆದರೆ ತರಗತಿಯಲ್ಲಿ ಬೇರೆ ಯಾರೂ ನಗಲಿಲ್ಲ. ಆಗ ತಿಳಿಯಿತು, ಅದು ಇಡೀ ತರಗತಿಯ ಪ್ರಶ್ನೆ. ತೊಗರಿಯ ನಾಡಿನ ಮಕ್ಕಳಿಗೆ ಮಿಲ್ ಎಂದರೆ ಬೇಳೆಯ ಮಿಲ್. ಅದೇ ಮಕ್ಕಳು ಕಲಬುರಗಿಗೆ ಬಂದಾಗ ‘ಎಂ.ಎಸ್.ಕೆ. ಮಿಲ್’ ಎಂಬ ಹೆಸರನ್ನು ಹತ್ತು ಸಲ ಕೇಳಿರುತ್ತಾರೆ. ಅದು ಯಾವ ಮಿಲ್, ಅಲ್ಲಿ ಏನು ತಯಾರಾಗುತ್ತಿತ್ತು ಎಂದು ಮಾತ್ರ ಅವರಿಗೆ ಯಾರೂ ಹೇಳಿಲ್ಲ.

ಎಂ.ಎಸ್.ಕೆ. ಎಂದರೆ ಮೆಹಬೂಬ್ ಶಾಹಿ ಕಲಬುರಗಿ. ಆರನೇ ನಿಜಾಮ ಮೀರ್ ಮೆಹಬೂಬ್ ಅಲಿ ಖಾನರ ಹೆಸರಿನ ಮಿಲ್ಲು. 1871ರಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಕಲಬುರಗಿ ಆ ಹಾದಿಯ ನಿಲ್ದಾಣವಾಯಿತು. ಸುತ್ತ ಕರಿಮಣ್ಣು, ಮಣ್ಣಿನಲ್ಲಿ ಹತ್ತಿ, ಊರಿನಲ್ಲಿ ರೈಲು. 1880ರ ದಶಕದಲ್ಲಿ ಇಲ್ಲಿ ಹತ್ತಿ ಮಿಲ್ಲು ಎದ್ದದ್ದು ಹೀಗೆ. ನಿಜಾಮರ ಕಾಲ ಮುಗಿದು, ಮುಂದೆ ಅದು ರಾಷ್ಟ್ರೀಯ ಜವಳಿ ನಿಗಮದ ಕೈಗೆ ಬಂದು, 1990ರ ದಶಕದಲ್ಲಿ ಸದ್ದಡಗಿತು. ಒಂದು ಮಿಲ್ಲಿನ ಸುತ್ತ ಒಂದು ಊರೇ ಬೆಳೆದಿತ್ತು. ಕೂಲಿಕಾರರ ಮನೆ, ಚಹಾದಂಗಡಿ, ಗುಡಿ, ಮಸೀದಿ, ಶಾಲೆ. ಈಗ ರಸ್ತೆಗೆ ಆ ಹೆಸರಿದೆ, ಬಡಾವಣೆಗೆ ಆ ಹೆಸರಿದೆ. ಆಟೋ ಹತ್ತಿ ‘ಮಿಲ್’ ಎಂದರೆ ಸಾಕು, ಕರೆದೊಯ್ಯುತ್ತಾರೆ.

ನನ್ನ ಮುತ್ಯಾ ಅಲ್ಲಿಯ ಸ್ಪಿನ್ನಿಂಗ್ ಖಾತೆಯಲ್ಲಿ ಕೆಲಸ ಮಾಡಿದವರು. ನಾನು ಹುಟ್ಟುವ ಹೊತ್ತಿಗೆ ಭೋಂಗಾ ನಿಂತಿತ್ತು, ಆದರೂ ಮುತ್ಯಾ ಇವತ್ತಿಗೂ ನಸುಕಿನಲ್ಲಿ ಅದೇ ಹೊತ್ತಿಗೆ ಏಳುತ್ತಾರೆ. ದಾಲ್ ಮಿಲ್ಲಿನ ಪ್ರಶ್ನೆ ಕೇಳಿಸಿಕೊಂಡು ಮನೆಗೆ ಬಂದ ದಿನ, ‘ಮುತ್ಯಾ, ನಮ್ಮ ಸಾಲಿಗೆ ಬಂದು ಹುಡುಗರಿಗೆ ಮಿಲ್ಲಿನ ಕೆಲಸ ಹೇಳ್ರಿ’ ಎಂದೆ. ‘ಹೊಟ್ಟಿಪಾಡಿಗಿ ಮಾಡಿದ್ ಕೆಲ್ಸ. ಅದ್ರಾಗ ತೋರ್ಸೂದು ಏನದ ಯವ್ವಾ?’ ಎಂದು ಮಗ್ಗುಲು ಬದಲಿಸಿ ಮಲಗಿಬಿಟ್ಟರು. ಮೂರು ದಿನ ಗೋಗರೆದ ಮೇಲೆ ಒಪ್ಪಿದರು. ಕಮಲಾಪುರದ ಬಸ್ಸಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಹಳೆಯ ಹಾಜರಿಯ ಪಿತ್ತಳೆ ಬಿಲ್ಲೆ ಇಟ್ಟುಕೊಂಡು ಕೂತಿದ್ದರು. ಬಿಲ್ಲೆ ತರಲು ನಾನು ಹೇಳಿರಲಿಲ್ಲ.

ಪಾಠಯೋಜನೆಯಂತೆ ಮೊದಲು ಎಳೆ ಸುಡುವ ಪ್ರಯೋಗ. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಯಿತು, ನೈಲಾನ್ ಕರಗಿ ಮಣಿಯಾಯಿತು. ಆಮೇಲೆ ಮುತ್ಯಾ ಎದ್ದರು. ನೂಲಿನ ಉಂಡೆಯಿಂದ ಒಂದೆಳೆ ತೆಗೆದು ಹರಿದರು. ಎರಡು ತುದಿಗಳನ್ನು ಬೆರಳ ನಡುವೆ ಇಟ್ಟು ಹೊಸೆದರು. ಗಂಟಿಲ್ಲದೆ ಕೂಡಿತು. ಮಕ್ಕಳು ಎಳೆದು ನೋಡಿದರು, ಹರಿಯಲಿಲ್ಲ. ‘ಗಂಟು ಯಾಕ ಹಾಕಬಾರ್ದು ಹೇಳ್ರಿ’ ಎಂದು ಮುತ್ಯಾ ಕೇಳಿದರು. ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು, ‘ಮುಂದಿನ ಮಶೀನಿನ್ಯಾಗ ಸಿಕ್ಕೊಂತದ್ರಿ’ ಎಂದಳು. ಆರು ವಾರದಲ್ಲಿ ನನ್ನ ಯಾವ ಪ್ರಶ್ನೆಗೂ ಅವಳು ಉತ್ತರಿಸಿರಲಿಲ್ಲ.

ಇದೇ ಆ ಹದಿನೈದು ನಿಮಿಷ. ಇದರಲ್ಲಿ ಯಾವುದು ವಿಷಯದಿಂದ ಅಂತರವಾಯಿತು? ಹೊಸೆದ ಎಳೆ ಹಿಡಿದುಕೊಳ್ಳುವುದು ನಾರುಗಳ ನಡುವಿನ ಘರ್ಷಣೆಯಿಂದ. ಒಣಹವೆಯಲ್ಲಿ ಹತ್ತಿ ನೂಲು ಹೆಚ್ಚು ಹರಿಯುತ್ತದೆ, ಅದಕ್ಕೇ ನೂಲುವ ಖಾತೆಯಲ್ಲಿ ಗಾಳಿಯನ್ನು ತೇವವಾಗಿಡುತ್ತಾರೆ. ಕಲಬುರಗಿಯ ಮೇ ತಿಂಗಳಲ್ಲಿ ಆ ತೇವದೊಳಗೆ ನಿಂತರೆ ಬೆವರು ಏಕೆ ಆರುವುದಿಲ್ಲ ಎಂದು ಕೇಳಿದರೆ ಆರ್ದ್ರತೆಯ ಪಾಠ ಮುಗಿದಂತೆ. ಯಂತ್ರಗಳ ಸದ್ದಿನಲ್ಲಿ ಮಾತು ಕೇಳದೆ ತುಟಿ ನೋಡಿ ಮಾತಾಡುತ್ತಿದ್ದರು ಎಂಬಲ್ಲಿ ಶಬ್ದದ ಪಾಠ. ಹತ್ತಿಯ ಧೂಳು ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಎದೆ ಬಿಗಿಯುವ ಬಿಸಿನೋಸಿಸ್ ಎಂಬ ಕಾಯಿಲೆ ಬರುತ್ತದೆ. ಲೋಕದ ಹತ್ತಿ ಮಿಲ್ಲುಗಳೆಲ್ಲೆಲ್ಲ ಅದು ಗೊತ್ತಿದ್ದ ಸಂಗತಿ, ನಮ್ಮ ಉಸಿರಾಟದ ಅಧ್ಯಾಯದಲ್ಲಿ ಅದರ ಹೆಸರನ್ನು ನಾನು ಕಂಡಿಲ್ಲ.

ನನ್ನ ಮುಖ್ಯ ತಕರಾರು ಇದಕ್ಕಿಂತ ದೊಡ್ಡದು. ನಮ್ಮ ಶಾಲೆಗಳ ಶೈಕ್ಷಣಿಕ ಪ್ರವಾಸ ಕಲಬುರಗಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ? ಕೋಟೆ, ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಬುದ್ಧ ವಿಹಾರ, ಜಿಲ್ಲಾ ವಿಜ್ಞಾನ ಕೇಂದ್ರ. ಎಲ್ಲವೂ ನೋಡಬೇಕಾದವೇ. ಅರಸರು ಕಟ್ಟಿಸಿದ್ದು, ಸಂತರು ಮಲಗಿದ್ದು ಪರಂಪರೆ. ಸಾವಿರಾರು ಜನ ಪಾಳಿಯ ಮೇಲೆ ದುಡಿದ ಜಾಗ ಯಾಕೆ ಅಲ್ಲ? 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕೇಳುವುದು ನೂರು ವರ್ಷದ ವಯಸ್ಸು ಮತ್ತು ಐತಿಹಾಸಿಕ ಮಹತ್ವ. ಕಾರ್ಖಾನೆ ಸ್ಮಾರಕವಾಗಬಾರದು ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಎಂ.ಎಸ್.ಕೆ. ಮಿಲ್ಲಿಗೆ ನೂರು ದಾಟಿ ಎಷ್ಟೋ ವರ್ಷ ಆಯಿತು. ಮಹತ್ವ ಇದೆ ಎಂದು ಹೇಳುವವರು ಬೇಕಿತ್ತು, ಮತ್ತು ಅದನ್ನು ಹೇಳಲು ಕಲಿಯುವ ಜಾಗ ತರಗತಿ.

ಇಲ್ಲಿ ನನ್ನ ಗೆಳತಿಯೊಬ್ಬಳ ಆಕ್ಷೇಪವಿದೆ, ಅದನ್ನು ಹಗುರಾಗಿ ತಳ್ಳಿಹಾಕಲು ಆಗದು. ‘ಸ್ಮಾರಕ ಎಂದು ಬೋರ್ಡು ಹಾಕಿದ ಮರುದಿನವೇ ಅಲ್ಲಿದ್ದವರಿಗೆ ಜಾಗ ಖಾಲಿ ಮಾಡಿ ಎನ್ನುತ್ತಾರೆ’ ಎನ್ನುತ್ತಾಳೆ ಅವಳು. ಸುಳ್ಳಲ್ಲ. ಸಂರಕ್ಷಿತ ಸ್ಮಾರಕದ ಗಡಿಯಿಂದ ನೂರು ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂರು ಮೀಟರಿಗೆ ಅನುಮತಿ ಬೇಕು. ನಮ್ಮ ಕೋಟೆಯೊಳಗಿನ ಮನೆಗಳ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿದ್ದು ಕಲಬುರಗಿಯವರಿಗೆಲ್ಲ ಗೊತ್ತು. ಆ ಇನ್ನೊಂದು ಕಮಲಾಪುರದ ಪಕ್ಕದ ಹಂಪಿಗೆ 2002ರಲ್ಲಿ ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರದ ಕಾಯ್ದೆಯೇ ಬಂತು. ಆದರೂ 2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ತಲೆಮಾರಿನಿಂದ ಇದ್ದವರ ಮನೆ, ಅಂಗಡಿಗಳು ಜೆಸಿಬಿಗೆ ಸಿಕ್ಕವು. ಕಲ್ಲು ಉಳಿಯಿತು, ಬಜಾರಿನಲ್ಲಿ ಸಂಸಾರ ಮಾಡಿದವರು ಎದ್ದು ಹೋದರು. ಮಿಲ್ಲಿನ ಊರನ್ನು ಹಾಗೆ ಉಳಿಸುವುದಾದರೆ ಉಳಿಸುವುದೇ ಬೇಡ ಎಂದು ನಾನೂ ಹೇಳುತ್ತೇನೆ.

ಬೇರೆ ದಾರಿಯೂ ಇದೆ. ಬಿ.ಇಡಿ.ಯಲ್ಲಿ ಪೆಸ್ಟಾಲಜಿ, ಫ್ರೋಬೆಲ್, ಮಾಂಟೆಸ್ಸರಿ ಎಂದು ಬಾಯಿಪಾಠ ಮಾಡುವ ನಾವು ರಾಬರ್ಟ್ ಓವೆನ್ ಹೆಸರನ್ನು ಅಷ್ಟಾಗಿ ಕೇಳುವುದಿಲ್ಲ. ಸ್ಕಾಟ್‌ಲೆಂಡಿನ ಕ್ಲೈಡ್ ನದಿಯ ದಂಡೆಯಲ್ಲಿ ನ್ಯೂ ಲ್ಯಾನಾರ್ಕ್ ಎಂಬ ಹತ್ತಿ ಮಿಲ್ಲಿನ ಹಳ್ಳಿ ಇದೆ. 1780ರ ದಶಕದಲ್ಲಿ ಡೇವಿಡ್ ಡೇಲ್ ಕಟ್ಟಿಸಿದ್ದು. 1800ರಿಂದ ಅದನ್ನು ನಡೆಸಿದವನು ಅವನ ಅಳಿಯ ಓವೆನ್. ಹತ್ತು ವರ್ಷದೊಳಗಿನ ಮಕ್ಕಳನ್ನು ಮಿಲ್ಲಿನಿಂದ ಬಿಡಿಸಿ, 1816ರಲ್ಲಿ ಅವರಿಗಾಗಿ ಶಾಲೆ ತೆರೆದ. ಹೊಡೆತ ಇಲ್ಲ, ನಕಾಶೆ, ನಿಸರ್ಗದ ವಸ್ತುಗಳು, ಹಾಡು, ಕುಣಿತ ಇವೆ. ನಡೆಯಲು ಕಲಿತ ಕೂಸುಗಳಿಗೂ ಅಲ್ಲಿ ಜಾಗವಿತ್ತು. ಓವೆನ್ ಧರ್ಮಾತ್ಮನೇನೂ ಆಗಿರಲಿಲ್ಲ, ಮಿಲ್ಲಿನಿಂದ ಲಾಭವನ್ನೂ ಮಾಡಿದ. ಅದಿರಲಿ. ಆ ಮಿಲ್ಲು 1968ರಲ್ಲಿ ಮುಚ್ಚಿ ಹಳ್ಳಿ ಹಾಳು ಬೀಳತೊಡಗಿದಾಗ, ಅಲ್ಲಿಯವರು ಒಂದು ಟ್ರಸ್ಟ್ ಮಾಡಿಕೊಂಡು ಒಂದೊಂದೇ ಕಟ್ಟಡ ರಿಪೇರಿ ಮಾಡಿದರು. ಕೂಲಿಕಾರರ ಮನೆಗಳನ್ನು ವಸ್ತುಸಂಗ್ರಹಾಲಯ ಮಾಡಿ ಬೀಗ ಹಾಕಲಿಲ್ಲ, ಜನ ಈಗಲೂ ಅವುಗಳಲ್ಲಿ ವಾಸವಾಗಿದ್ದಾರೆ. ಒಂದು ಮಿಲ್ ಕಟ್ಟಡ ಹೋಟೆಲಾಗಿದೆ, ನೀರಿನ ಟರ್ಬೈನ್ ಮತ್ತೆ ವಿದ್ಯುತ್ ಕೊಡುತ್ತದೆ, ಓವೆನನ ಶಾಲೆಯ ಕೋಣೆಯನ್ನು ಹೊರಗಿನ ಮಕ್ಕಳು ಬಂದು ನೋಡುತ್ತಾರೆ. 2001ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರಿಪೇರಿ ಮೊದಲು, ಪಟ್ಟಿ ಆಮೇಲೆ.

ಅಷ್ಟು ದೂರ ಹೋಗಬೇಕಿಲ್ಲ ಎನ್ನುವವರಿಗೆ ಗೋಕಾಕ ಫಾಲ್ಸ್ ಇದೆ. ಘಟಪ್ರಭೆಯ ನೀರಿನ ಬಲ ನೆಚ್ಚಿ 1887ರಲ್ಲಿ ಶುರುವಾದ ಮಿಲ್ಲು, ಅದರ ಸುತ್ತಲಿನ ಊರು, ತೂಗುಸೇತುವೆ. ಪ್ರವಾಸಕ್ಕೆ ಹೋದ ಮಕ್ಕಳು ಜಲಪಾತಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ಮಿಲ್ಲಿನ ಕಡೆ ಮುಖ ಮಾಡಿಸುವವರು ಶಿಕ್ಷಕರಾಗಬೇಕಲ್ಲವೇ?

ಕಲಬುರಗಿಗೆ ಇದು ಈಗಲೇ ಬೇಕಾದ ಮಾತು ಎನ್ನಲು ಇನ್ನೊಂದು ಕಾರಣವಿದೆ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದೇಶದ ಏಳು ಕಡೆ ಪಿಎಂ ಮಿತ್ರ ಜವಳಿ ಪಾರ್ಕುಗಳನ್ನು ಘೋಷಿಸಿತು. ಕರ್ನಾಟಕದ್ದು ನಮ್ಮ ಜಿಲ್ಲೆಗೇ ಬಂದಿದೆ. ಕಮಲಾಪುರದ ನನ್ನ ಮಕ್ಕಳಲ್ಲಿ ಕೆಲವರಾದರೂ ನಾಳೆ ಅಲ್ಲಿ ಕೆಲಸಕ್ಕೆ ಹೋಗಬಹುದು. ಇದೇ ಜಿಲ್ಲೆಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಒಂದು ಜವಳಿ ಮಿಲ್ಲು ನಡೆದು ನಿಂತಿತು ಎಂದು ಗೊತ್ತಿಲ್ಲದೆ ಅವರು ಆ ಗೇಟಿನೊಳಗೆ ಕಾಲಿಡುವುದು ನನಗೆ ಒಪ್ಪಿಗೆಯಾಗದು. ಧೂಳಿಗೆ ಮುಖಗವಸು ಕೇಳಬೇಕು, ಪಾಳಿ ಎಷ್ಟು ಗಂಟೆಯದು ಎಂದು ಕೇಳಬೇಕು, ಕಂಪನಿ ನಿಂತರೆ ಗತಿ ಏನು ಎಂದು ಕೇಳಬೇಕು. ಕೇಳಲು ಹಿಂದಿನದು ತಿಳಿದಿರಬೇಕು.

ಎಲ್ಲಿಂದ ಶುರು ಮಾಡುವುದು? ಎಷ್ಟು ಗೋಡೆ ಉಳಿದಿದೆ ಎಂದು ಅಳೆಯುವುದರಿಂದ ಶುರು ಮಾಡಿದರೆ ತಡವಾಯಿತು ಎಂದು ಕೈ ಚೆಲ್ಲುತ್ತೇವೆ. ಯಾರು ಉಳಿದಿದ್ದಾರೆ ಎಂಬಲ್ಲಿಂದ ಶುರು ಮಾಡೋಣ. ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಸಮುದಾಯ ಕಾರ್ಯ ಎಂದು ಕೆಲವು ದಿನ ಕಳೆಯುತ್ತೇವೆ. ಹೆಚ್ಚಿನಂಶ ಕಸ ಗುಡಿಸಿ ಫೋಟೊ ಹಿಡಿದು ಮುಗಿಸುತ್ತೇವೆ (ನಾನೂ ಆ ಫೋಟೊದಲ್ಲಿದ್ದೇನೆ). ಆ ದಿನಗಳಲ್ಲಿ ನಾಲ್ಕೈದು ಜನರ ಗುಂಪು ಮಿಲ್ಲಿನ ಓಣಿಗೆ ಹೋಗಲಿ. ಕೆಲಸ ಮಾಡಿದವರ ಹೆಸರು, ಖಾತೆ, ಕಲಿತ ಕೈಚಳಕ, ಮನೆಯಲ್ಲಿ ಉಳಿದ ಕಾಗದ, ಬಿಲ್ಲೆ, ಫೋಟೊ ಬರೆದುಕೊಳ್ಳಲಿ. ಉಳಿದ ಗೋಡೆ, ಬಾವಿ, ಮನೆ ಯಾವುದು ಎಂದು ಆ ಮುದುಕರೇ ಬೆರಳು ಮಾಡಿ ತೋರಿಸಿದ್ದನ್ನು ನಕಾಶೆಯಲ್ಲಿ ಗುರುತಿಸಲಿ. ಆ ನಕಾಶೆ ಹಿಡಿದು ಪಾಲಿಕೆಗೆ, ಪುರಾತತ್ವ ಇಲಾಖೆಗೆ ಹೋದರೆ ನಮ್ಮ ಮಾತಿಗೆ ಒಂದು ಆಧಾರವಿರುತ್ತದೆ. ಅಲ್ಲಿ ವಾಸವಿರುವವರನ್ನು ಏಳಿಸದ ಯೋಜನೆ ಮಾತ್ರ ಬೇಕು ಎಂದು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯೋಣ.

ನಮ್ಮ ಬೋಧಕರಲ್ಲಿ ಒಂದು ಕೋರಿಕೆ. ವೀಕ್ಷಣಾ ಹಾಳೆಯಲ್ಲಿ ‘ಸ್ಥಳೀಯ ಸಂಪನ್ಮೂಲದ ಬಳಕೆ’ ಎಂಬ ಕಲಂ ಇದೆ. ಎಲೆ, ಕಲ್ಲು, ಬಾಟಲಿ ಮುಚ್ಚಳ ತಂದವರಿಗೆ ಅಲ್ಲಿ ಅಂಕ ಸಿಗುತ್ತದೆ. ದುಡಿದ ಮನುಷ್ಯರನ್ನು ಕರೆತಂದವರಿಗೂ ಆ ಕಲಮಿನಲ್ಲಿ ಜಾಗವಿರಲಿ.

ಆ ಪಾಠವಾದ ಮರುವಾರ ದಾಲ್ ಮಿಲ್ಲಿನ ಹುಡುಗ ನೋಟ್‌ಬುಕ್ಕಿನ ಹಾಳೆ ಹರಿದು ತಂದು ಕೊಟ್ಟ. ಅವನ ಊರಿನಲ್ಲಿ ಮಿಲ್ಲಿಗೆ ಹೋಗುತ್ತಿದ್ದವರು ಇಬ್ಬರು ಇದ್ದಾರಂತೆ, ಹೆಸರು ಬರೆದಿದ್ದ. ಮುತ್ಯಾನಿಗೆ ತೋರಿಸಿದೆ. ಒಂದು ಹೆಸರಿನ ಮೇಲೆ ಬೆರಳಿಟ್ಟು, ‘ಇಂವ ಇನ್ನಾ ಅದಾನೇನು?’ ಎಂದು ಕೇಳಿದರು. ಈಗ ನಮ್ಮ ಪಟ್ಟಿಯಲ್ಲಿ ಹನ್ನೊಂದು ಹೆಸರಿವೆ. ಆ ಊರಿಗೆ ಬರುವ ರವಿವಾರ ಹೋಗುತ್ತಿದ್ದೇವೆ. ಮುತ್ಯಾ ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ದಾರೆ.