ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಕನ್ನಡ ಎಲ್ಲಿ?

ನಿಮ್ಮ ಬೈಕಿನ ಹ್ಯಾಂಡಲ್ ಮೇಲೆ, ಬಲಗೈ ಬ್ರೇಕಿನ ಪಕ್ಕ ಒಂದು ಪುಟ್ಟ ಡಬ್ಬಿ ಇದೆ. ಅದರ ಮುಚ್ಚಳದ ಮೇಲೆ ಏನೋ ಬರೆದಿದೆ. ಯಾವತ್ತಾದರೂ ಓದಿದ್ದೀರಾ?

ಭದ್ರಾವತಿಯಲ್ಲಿರುವ ನನ್ನ ಅಕ್ಕನ ಮಗ ಓದಿರಲಿಲ್ಲ. ಹಳೇ ಡಿಸ್ಕ್ ಬ್ರೇಕ್ ಬೈಕು ಕೊಂಡಿದ್ದ. ಡಬ್ಬಿಯಲ್ಲಿ ಆಯಿಲ್ ಕಮ್ಮಿ ಕಂಡಿತು. ಎಲ್ಲರ ಬಾಯಲ್ಲೂ ಅದು 'ಬ್ರೇಕ್ ಆಯಿಲ್' ತಾನೆ? ಮನೆಯಲ್ಲಿ ಉಳಿದಿದ್ದ ಇಂಜಿನ್ ಆಯಿಲ್ ಸುರಿದ! ಕೆಲವೇ ದಿನಗಳಲ್ಲಿ ಒಳಗಿನ ರಬ್ಬರ್ ಉಬ್ಬಿತು. ಶಿವಮೊಗ್ಗಕ್ಕೆ ಬರುವಾಗ ಹಿಡಿದ ಬ್ರೇಕು ಬಿಡಲೇ ಇಲ್ಲ. ಬಿದ್ದು ಕೈ ಮುರಿದುಕೊಂಡ. ಹಿಂದೆ ಲಾರಿ ಇರಲಿಲ್ಲ, ಅದಕ್ಕೇ ಇವತ್ತು ನಮ್ಮ ಜೊತೆ ಇದ್ದಾನೆ.

ಮುಚ್ಚಳದ ಮೇಲೆ ಎಚ್ಚರಿಕೆ ಇತ್ತು. ಇಂಗ್ಲಿಷಿನಲ್ಲಿ!

ಬೈಕು ಮಾರುವ ಜಾಹೀರಾತು ಕನ್ನಡದಲ್ಲಿ ಬೇಕು, ಪ್ರಾಣ ಉಳಿಸುವ ಮಾತು ಮಾತ್ರ ಇಂಗ್ಲಿಷಿನಲ್ಲಿ. ಇದು ಯಾವ ನ್ಯಾಯ? 'ತಾಂತ್ರಿಕ ವಿಷಯ ಕನ್ನಡದಲ್ಲಿ ಹೇಳಲು ಬರುವುದಿಲ್ಲ' ಅನ್ನುವ ಪಂಡಿತರಿಗೆ, ಪಿಯುಸಿ ಓದಿದ ನಾನೇ ಹೇಳಿ ತೋರಿಸುತ್ತೇನೆ, ಕೇಳಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಬ್ರೇಕು ಕಾದು ದ್ರವ ಕುದಿದರೆ ಒಳಗೆ ಆವಿಯ ಗುಳ್ಳೆ. ಲಿವರ್ ಮೆತ್ತಗೆ ಒಳಹೋಗುತ್ತದೆ, ಬೈಕು ನಿಲ್ಲುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ.

ಮುಚ್ಚಳ ಒರೆಸಿ ತೆಗೆಯಿರಿ. ಅದರಲ್ಲಿ ಬರೆದಿರುವ ದ್ರವವನ್ನೇ, ಸೀಲ್ ಒಡೆಯದ ಹೊಸ ಬಾಟಲಿಯಿಂದ ಹಾಕಿ. ಕೆಳಗೆ ಕ್ಯಾಲಿಪರ್‌ನ ನಿಪ್ಪಲ್‌ಗೆ ಪೈಪು ಸಿಕ್ಕಿಸಿ, ತುದಿಯನ್ನು ಬಾಟಲಿಗೆ ಬಿಡಿ. ಲಿವರ್ ಹಿಡಿಯಿರಿ, ನಿಪ್ಪಲ್ ಸಡಿಲಿಸಿ, ಮತ್ತೆ ಬಿಗಿ ಮಾಡಿ, ಆಮೇಲೆ ಲಿವರ್ ಬಿಡಿ. ಗುಳ್ಳೆಯಿಲ್ಲದ ತಿಳಿ ದ್ರವ ಬರುವ ತನಕ ಹೀಗೇ ಮಾಡಿ. ಮೇಲಿನ ಡಬ್ಬಿ ಬರಿದಾಗಲು ಬಿಡಬೇಡಿ, ಗಾಳಿ ಹೊಕ್ಕೀತು. ಪೇಂಟಿನ ಮೇಲೆ ಚೆಲ್ಲಿದರೆ ತಕ್ಷಣ ನೀರಲ್ಲಿ ತೊಳೆಯಿರಿ. ಲಿವರ್ ಗಟ್ಟಿಯಾಗುವ ತನಕ ರಸ್ತೆಗೆ ಇಳಿಯಬೇಡಿ. ಮೊದಲ ಸಲ ಮೆಕ್ಯಾನಿಕ್ ಪಕ್ಕದಲ್ಲಿರಲಿ.

ಕ್ಲಚ್ಚು? ನಮ್ಮ ಹಳೇ ಬೈಕುಗಳಲ್ಲಿ ಬಹುಪಾಲು ಕೇಬಲ್ಲೇ, ಅದಕ್ಕೆ ದ್ರವ ಬೇಡ. ಎಡಗೈ ಕಡೆಯೂ ಡಬ್ಬಿ ಇದ್ದರೆ ಕೆಲಸ ಹೆಚ್ಚುಕಡಿಮೆ ಹೀಗೆಯೇ. ಆದರೆ ದ್ರವ ಬೇರೆ ಇರಬಹುದು, ಆ ಮುಚ್ಚಳವನ್ನೂ ಓದಿ.

ಅಷ್ಟೇ! ಎಲ್ಲಿ ಎಡವಿತು ಕನ್ನಡ? 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಊರು ನಮ್ಮ ಭದ್ರಾವತಿ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಕಟ್ಟಿದ ಊರು ನಮ್ಮ ಮೈಸೂರು. ಯಂತ್ರದ ಮಾತು ಕನ್ನಡಕ್ಕೆ ಹೊಸದಲ್ಲ. ಕಂಪನಿಗಳಿಗೆ ಮನಸ್ಸಿಲ್ಲ.

ನಾನು ಪ್ರೆಸ್ಸಿನವನು, ಲೆಕ್ಕ ಗೊತ್ತು. ಲಕ್ಷದ ಬೈಕಿನ ಜೊತೆ ನಾಲ್ಕು ಪುಟ ಕನ್ನಡ ಅಚ್ಚು ಹಾಕಿಸಲು ಒಂದು ಟೀ ದುಡ್ಡೂ ಆಗದು.

ಮುಂದಿನ ಸಲ ಶೋರೂಮಿಗೆ ಹೋದಾಗ ಕನ್ನಡದ ಕೈಪಿಡಿ ಕೇಳಿ. 'ಇಲ್ಲ' ಅಂದರೆ ಆ ಮಾತನ್ನೇ ಬರೆದುಕೊಡಲು ಹೇಳಿ. ನೀವೊಬ್ಬರೇ ಕೇಳಿದರೆ ನಗುತ್ತಾರೆ. ನೂರು ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ!